ಸೋರಿದ ಪೆಟ್ರೋಲಿನ ಮೂಲಶೋಧ: ಥಾಣೆ ಖಾಡಿಯ ಆಚೀಚೆ

2010ರ ಆಗಸ್ಟ್ 7ರಂದು ಮುಂಬೈ ಬಂದರಿನ ಬಳಿ ಎಂ.ಎಸ್.ಸಿ. ಚಿತ್ರಾ ಮತ್ತು ಖಲೀಜಿಯಾ–3 ಹಡಗುಗಳು ಡಿಕ್ಕಿಯಾದವು. ಚಿತ್ರಾದಿಂದ ಸೋರಿದ ಎಣ್ಣೆ ನವಿ ಮುಂಬೈ ಕಡೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನವರೆಗೂ ಹರಡಿತು. ಎಣ್ಣೆ ಯಾವ ಹಡಗಿನದೆಂದು ಕೇಳುವ ಪ್ರಮೇಯವೇ ಬರಲಿಲ್ಲ. ಆದರೆ ನೆಲದಡಿಯ ಟ್ಯಾಂಕಿನಿಂದ ಜಿನುಗಿದ ಪೆಟ್ರೋಲ್ ಎಷ್ಟೋ ತಿಂಗಳ ಮೇಲೆ ಯಾರದೋ ಬಾವಿಯಲ್ಲಿ ವಾಸನೆಯಾಗಿ ಮೂಡಿದರೆ, ಪ್ರಯೋಗಾಲಯವಲ್ಲದೆ ಬೇರೆ ಸಾಕ್ಷಿ ಸಿಗುವುದು ಕಷ್ಟ.

ಪ್ರಯೋಗಾಲಯದ ಈ ಮೂಲಶೋಧ ವಿದ್ಯೆಯ ಬೇರು 1952ರಲ್ಲಿದೆ. ಆ ವರ್ಷ ವಿಜ್ಞಾನಿಗಳಾದ ಜೇಮ್ಸ್ ಮತ್ತು ಮಾರ್ಟಿನ್, ಮಿಶ್ರಣದ ಘಟಕಗಳನ್ನು ಬಿಡಿಸಿ ತೋರಿಸುವ ಗ್ಯಾಸ್ ಕ್ರೊಮ್ಯಾಟೋಗ್ರಫಿಯನ್ನು ಪ್ರಕಟಿಸಿದರು. ಮುಂದೆ ಗೋಲೆ ಎಂಬವರು ರೂಪಿಸಿದ ಕೂದಲೆಳೆಯಂಥ ಕೊಳವೆಯಲ್ಲಿ ಪೆಟ್ರೋಲಿನ ನೂರಾರು ಘಟಕಗಳು ಬೇರೆಬೇರೆಯಾಗಿ ಕಾಣತೊಡಗಿದವು. ಕಚ್ಚಾತೈಲದಲ್ಲಿ ಹೋಪೇನ್ ಎಂಬ ಭಾರದ ಅಣುಗಳೇ ಊರು–ಕುಲ ಹೇಳುತ್ತವೆ. ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಗೋವಾ ತೀರದ ಡಾಂಬರುಂಡೆಗಳನ್ನು ಬಾಂಬೆ ಹೈ ತೈಲಕ್ಷೇತ್ರದ ಎಣ್ಣೆಯೊಂದಿಗೆ ಹೋಲಿಸಿದ್ದು ಇಂಥ ಗುರುತುಗಳಿಂದಲೇ. ಪೆಟ್ರೋಲಿನಲ್ಲಿ ಈ ಅಣುಗಳಿಲ್ಲ. ಬಟ್ಟಿ ಇಳಿಸುವಾಗ ಅವು ಭಾರದ ಭಾಗದಲ್ಲೇ ಉಳಿಯುತ್ತವೆ. ಹೀಗಾಗಿ ಐಸೋಆಕ್ಟೇನಿನಂಥ ಕವಲು ಹೈಡ್ರೋಕಾರ್ಬನ್‌ಗಳು, ಬೆಂಜೀನಿನ ಬಂಧುಗಳು, ಸೇರಿಸಿದ ರಾಸಾಯನಿಕಗಳು, ಇವುಗಳ ಪರಸ್ಪರ ಪ್ರಮಾಣವನ್ನು ನೋಡಬೇಕು.

ಥಾಣೆ–ಕಲ್ಯಾಣ ಸೀಮೆಯಲ್ಲಿ ಈ ಹೋಲಿಕೆ ಇನ್ನಷ್ಟು ತೊಡಕಿನದು. ಖಾಡಿಯಾಚೆ ಟ್ರಾಂಬೆಯಲ್ಲಿ 1954 ಮತ್ತು 1955ರಲ್ಲಿ ಶುರುವಾದ ಎರಡು ಸಂಸ್ಕರಣಾಗಾರಗಳು ಅಕ್ಕಪಕ್ಕದಲ್ಲಿವೆ. ಬಾಂಬೆ ಹೈ ತೈಲ ಎರಡಕ್ಕೂ ಹೋಗಿದೆ. ಅಲ್ಲಿಂದ ಪುಣೆಗೆ 1985ರಲ್ಲಿ, ಮನ್ಮಾಡಿಗೆ 1998ರಲ್ಲಿ ಕೊಳವೆಮಾರ್ಗಗಳಾದವು. ಅಂಥ ಕೊಳವೆಯಲ್ಲಿ ಪೆಟ್ರೋಲ್, ಡೀಸೆಲ್ ಒಂದರ ಬೆನ್ನಿಗೊಂದು ಸಾಗುತ್ತವೆ, ಗಡಿಯಲ್ಲಿ ತುಸು ಬೆರೆಯುತ್ತವೆ. ಕಂಪನಿಗಳು ತಮ್ಮತಮ್ಮಲ್ಲಿ ಸರಕು ಹಂಚಿಕೊಳ್ಳುವುದರಿಂದ ಬಂಕಿನ ಫಲಕ ನೋಡಿ ಮೂಲ ತೀರ್ಮಾನಿಸಲಾಗದು. ಕೆಳಗಿರುವುದೋ ಬಿರುಕುಬಿಟ್ಟ ಕಪ್ಪು ಬಸಾಲ್ಟ್. ನೀರು ಬಿರುಕು ಹಿಡಿದು ಓಡುವಾಗ, ಬಾವಿಗೆ ಅತಿ ಹತ್ತಿರದ ಬಂಕನ್ನೇ ಹೊಣೆಮಾಡುವುದು ಅನ್ಯಾಯವಾದೀತು.

ನನ್ನ ದೃಷ್ಟಿಯಲ್ಲಿ ಇಲ್ಲಿ ಹೆಚ್ಚು ನಂಬಬಹುದಾದದ್ದು ಸರ್ಕಾರಿ ಆದೇಶಗಳ ಕಾಲಾನುಕ್ರಮ. 2000ದ ಫೆಬ್ರವರಿಯಲ್ಲಿ ದೇಶದಾದ್ಯಂತ ಪೆಟ್ರೋಲಿನಿಂದ ಸೀಸ ಹೋಯಿತು. ಸೀಸವನ್ನು ಎಂಜಿನ್ನಿನಿಂದ ಹೊರಹಾಕಲೆಂದು ಬೆರೆಸುತ್ತಿದ್ದ ಡೈಬ್ರೊಮೊಈಥೇನ್ ಬಾವಿನೀರಿನಲ್ಲಿ ಸಿಕ್ಕರೆ ಸೋರಿಕೆ ಅದಕ್ಕೂ ಹಿಂದಿನದೆಂದು ಬಲವಾಗಿ ಶಂಕಿಸಬಹುದು. 2003ರಲ್ಲಿ ಮಹಾರಾಷ್ಟ್ರ, ಕರ್ನಾಟಕ ಸೇರಿ ಒಂಬತ್ತು ರಾಜ್ಯಗಳಲ್ಲಿ ಶೇ. 5 ಎಥನಾಲ್ ಬೆರಕೆ ಆರಂಭವಾಯಿತು. 2020ರ ಏಪ್ರಿಲ್‌ನಿಂದ ಗಂಧಕದ ಮಿತಿ ಹತ್ತು ಲಕ್ಷಕ್ಕೆ 10 ಭಾಗ. ಎಥನಾಲ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ಅದು ನೀರಿನಲ್ಲಿ ಕರಗಿ ಮುಂದೆ ಹೋಗುತ್ತದೆ, ಸೂಕ್ಷ್ಮಜೀವಿಗಳಿಗೆ ಬೇಗ ಆಹಾರವಾಗುತ್ತದೆ. ಅದು ಸಿಗಲಿಲ್ಲವೆಂದು ಪೆಟ್ರೋಲ್ ಹಳೆಯದೆನ್ನುವಂತಿಲ್ಲ.

ಎರಡು ಬಂಕಿನ ಮಾದರಿಗಳೂ ಬಾವಿಯ ಮಾದರಿಗೆ ಹೊಂದಿದಾಗ ಕ್ರೊಮ್ಯಾಟೋಗ್ರಾಮ್ ಅಲ್ಲಿಗೆ ನಿಲ್ಲುತ್ತದೆ. ಆಗ ತೆರೆಯಬೇಕಾದದ್ದು ಬಂಕಿನ ದಾಸ್ತಾನು ಪುಸ್ತಕ: ಡಿಪ್ ರಾಡ್ ಇಳಿಸಿ ಬರೆದ ದಿನದಿನದ ಅಳತೆ, ಮಾರಿದ ಲೀಟರು, ಮತ್ತು ಎರಡಕ್ಕೂ ತಾಳೆಯಾಗದೆ ಉಳಿದ ಕೊರತೆ.