ಕೋಳಿಯ ಕಾವಿನಲ್ಲಿ ಬಾತಿನ ಮರಿ

ಕಾಗೆಯ ಗೂಡಿನಲ್ಲಿ ಕೋಗಿಲೆಯ ಮರಿ ಬೆಳೆಯುವ ಸಂಗತಿ ನಮಗೆಲ್ಲ ಚಿಕ್ಕಂದಿನಿಂದ ತಿಳಿದದ್ದೇ. ಸಂಸ್ಕೃತದಲ್ಲಿ ಕೋಗಿಲೆಗೆ ‘ಪರಭೃತ’, ಅಂದರೆ ಪರರು ಸಾಕಿದ್ದು, ಎಂಬ ಹೆಸರೇ ಇದೆ. ಅಲ್ಲಿ ಕಾಗೆಗೆ ಆಗುವುದು ಮೋಸ. ಮೋಸ ಮಾಡುವುದು ಕೋಗಿಲೆ. ಆದರೆ ಮನುಷ್ಯನೇ ಮುಂದೆ ನಿಂತು ಒಂದು ಹಕ್ಕಿಯ ಮೊಟ್ಟೆಯನ್ನು ಮತ್ತೊಂದರ ಮಡಿಲಿಗೆ ಹಾಕುವ ಪದ್ಧತಿಯೂ ಇದೆ. ಕಾವಿಗೆ ಕೂತ ಕೋಳಿಯ ಕೆಳಗೆ ಬಾತಿನ ಮೊಟ್ಟೆ ಇಟ್ಟು ಮರಿ ಮಾಡಿಸುವುದು ಅಂಥದೊಂದು. ಎರಡು ಸಾವಿರ ವರ್ಷಗಳಿಗೂ ಹಿಂದಿನ ಗ್ರಂಥಗಳಲ್ಲಿ ಇದರ ಪ್ರಸ್ತಾಪವಿದೆ.

ಕೊಂಡಾಪುರದಲ್ಲಿ ಕುಳಿತು ಕೋಳಿ, ಬಾತುಗಳ ಪುರಾಣ ಹೇಳುವುದೇಕೆ ಎಂದು ವಾಚಕರು ಕೇಳಬಹುದು. ಹೈದರಾಬಾದಿನ ಪಶ್ಚಿಮಕ್ಕಿರುವ ಈ ಊರು ಬಹುಕಾಲ ಶೇರಿಲಿಂಗಂಪಲ್ಲಿ ಸೀಮೆಯ ಒಂದು ಹಳ್ಳಿಯಾಗಿತ್ತು. ಪಕ್ಕದ ಮಾದಾಪುರದಲ್ಲಿ 1998ರಲ್ಲಿ ಸೈಬರ್ ಟವರ್ಸ್ ಕಟ್ಟಡ ಉದ್ಘಾಟನೆಯಾದ ಮೇಲೆ ಈ ಭಾಗದ ಚಹರೆಯೇ ಬದಲಾಯಿತು. ಹಿತ್ತಿಲುಗಳ ಜಾಗದಲ್ಲಿ ಇಂದು ಬಹುಮಹಡಿ ಕಟ್ಟಡಗಳಿವೆ. ನಮ್ಮ ಮಕ್ಕಳಿಗೆ ಮೊಟ್ಟೆ ಎಂದರೆ ಅಂಗಡಿಯ 30ರ ಟ್ರೇ. ಆ ಮೊಟ್ಟೆಯ ಮೇಲೆ ಒಂದು ಹೇಂಟೆ ಮೂರು ವಾರ ಅನ್ನ ನೀರು ಮರೆತು ಕೂರಬಲ್ಲದು ಎಂಬುದು ಅವರಿಗೆ ಕಥೆಯಂತೆ ಕೇಳಿಸುತ್ತದೆ. ಆದ್ದರಿಂದಲೇ ಈ ಕಥೆಯನ್ನು ಹೇಳಬೇಕೆನಿಸಿತು.

ಮೊದಲು ರೋಮನರ ಕಾಲಕ್ಕೆ ಹೋಗೋಣ. ಕ್ರಿ.ಪೂ. 45ರ ಸುಮಾರಿಗೆ ಸಿಸೆರೊ ಎಂಬ ಪಂಡಿತನು ದೇವರ ಸ್ವರೂಪವನ್ನು ಕುರಿತು ಒಂದು ಗ್ರಂಥ ಬರೆದನು. ಪ್ರಕೃತಿಯು ಜೀವಿಗಳಿಗೆ ಹುಟ್ಟಿನಿಂದಲೇ ಕೊಟ್ಟಿರುವ ಅರಿವಿಗೆ ಅಲ್ಲಿ ಆತ ಕೊಡುವ ನಿದರ್ಶನಗಳಲ್ಲಿ ನಮ್ಮ ವಿಷಯವೂ ಒಂದು. ಬಾತಿನ ಮೊಟ್ಟೆಗಳನ್ನು ಕೋಳಿಯ ಕೆಳಗೆ ಇಡುವುದು ವಾಡಿಕೆ. ಮರಿಗಳು ಮೊದಮೊದಲು ಕೋಳಿಯನ್ನೇ ತಾಯಿಯೆಂದು ನಂಬಿರುತ್ತವೆ. ನೀರು ಕಂಡೊಡನೆ ಅವಳನ್ನು ಬಿಟ್ಟು ಇಳಿದುಬಿಡುತ್ತವೆ ಎನ್ನುತ್ತಾನೆ. ಆತನ ಮಾತಿನ ಧಾಟಿ ನೋಡಿದರೆ ಇದು ಅಂದಿಗಾಗಲೇ ಮನೆಮನೆಯ ಸಂಗತಿಯಾಗಿದ್ದಂತೆ ತೋರುತ್ತದೆ.

ಮುಂದಿನ ಶತಮಾನದ ಕೊಲ್ಯುಮೆಲ್ಲ ಎಂಬುವನು ಸ್ಪೇನಿನಲ್ಲಿ ಹುಟ್ಟಿ ಇಟಲಿಯಲ್ಲಿ ಬೇಸಾಯ ಮಾಡಿದವನು. ಅವನ ಕೃಷಿಗ್ರಂಥದಲ್ಲಿ ಬಾತು ಸಾಕುವವರಿಗೆ ಒಂದು ಸಲಹೆಯಿದೆ. ಜೌಗಿನಲ್ಲಿ ಕಾಡುಬಾತುಗಳು ಇಟ್ಟ ಮೊಟ್ಟೆಗಳನ್ನು ಆರಿಸಿ ತಂದು ಊರ ಕೋಳಿಯ ಕೆಳಗೆ ಇಡಬೇಕು. ಹಾಗೆ ಹುಟ್ಟಿ ಬೆಳೆದ ಮರಿಗಳು ಕಾಡುಗುಣವನ್ನು ಬಿಡುತ್ತವೆ. ಅವನ ಕಾಲಕ್ಕೇ ಇದು ಹಿಂದಿನವರಿಂದ ಬಂದ ಕ್ರಮವಾಗಿತ್ತು. ಕಾಡುಹಕ್ಕಿಯನ್ನು ಮನೆಹಕ್ಕಿ ಮಾಡುವ ಕೆಲಸದಲ್ಲಿ ಮನುಷ್ಯನಿಗೆ ಕೋಳಿಯೇ ಸಹಾಯಕಳಾದಳು ಎಂದಾಯಿತು. ಕ್ರಿ.ಶ. 77ರಲ್ಲಿ ಪ್ಲಿನಿಯು ತನ್ನ ವಿಶ್ವಕೋಶದಲ್ಲಿ ಇದೇ ಪ್ರಸಂಗವನ್ನು ಕೋಳಿಯ ಕಡೆಯಿಂದ ನೋಡಿದ್ದಾನೆ. ಮರಿಗಳ ವಿಚಿತ್ರ ರೂಪ ಕಂಡು ಅವಳಿಗೆ ಮೊದಲು ಬೆರಗು. ಆಮೇಲೆ ಅವು ತನ್ನವೇ ಎಂದು ಅಕ್ಕರೆಯಿಂದ ಕರೆಯುವುದು. ಕೊನೆಗೆ ಅವು ಕೊಳಕ್ಕೆ ಧುಮುಕಿದಾಗ ದಡದ ಸುತ್ತ ಅಳುತ್ತ ತಿರುಗುವುದು.

ಇಷ್ಟಕ್ಕೂ ಬಾತಿಗೆ ತನ್ನ ಮೊಟ್ಟೆಗೆ ತಾನೇ ಕಾವು ಕೊಡಲು ಬಾರದೇ? ಕಾಡುಬಾತಿಗೆ ಚೆನ್ನಾಗಿ ಬರುತ್ತದೆ. ಆದರೆ ಮನುಷ್ಯ ಸಾಕಿದ ಬಾತುಗಳಲ್ಲಿ ಹೆಚ್ಚು ಮೊಟ್ಟೆ ಇಡುವವನ್ನೇ ತಲೆಮಾರುಗಟ್ಟಲೆ ಆರಿಸುತ್ತ ಬಂದದ್ದರಿಂದ ಕಾವು ಕೂರುವ ಗುಣ ಬಹುಮಟ್ಟಿಗೆ ಅಳಿಯಿತು. ದಕ್ಷಿಣ ಅಮೆರಿಕದ ಮೂಲದ ಮಸ್ಕೊವಿ ಬಾತು ಮಾತ್ರ ಇಂದಿಗೂ ಒಳ್ಳೆಯ ತಾಯಿ. ಸುಮಾರು 35 ದಿನ ಕಾವು ಕೂತು ಮರಿ ತೆಗೆಯುತ್ತದೆ. ಉಳಿದ ಸಾಕುಬಾತುಗಳು ಮೊಟ್ಟೆಯನ್ನು ಸಿಕ್ಕಿದಲ್ಲಿ ಇಟ್ಟು ನೀರಿಗೆ ಹೊರಟುಬಿಡುತ್ತವೆ.

ನಾಟಿ ಕೋಳಿಯ ಸ್ವಭಾವ ಹಾಗಲ್ಲ. ಹನ್ನೆರಡೋ ಹದಿನೈದೋ ಮೊಟ್ಟೆಯಾದ ಮೇಲೆ ಅದು ಇಡುವುದನ್ನು ನಿಲ್ಲಿಸುತ್ತದೆ. ಎದೆಯ ಪುಕ್ಕ ಉದುರಿ ಬರಿಯ ಚರ್ಮ ಮೊಟ್ಟೆಗೆ ತಾಗುವಂತಾಗುತ್ತದೆ. ದನಿ ಬದಲಾಗುತ್ತದೆ, ಹತ್ತಿರ ಹೋದವರ ಕೈ ಕುಕ್ಕುತ್ತದೆ. ಇದರ ಹಿಂದಿರುವುದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಒಸರುವ ಪ್ರೊಲ್ಯಾಕ್ಟಿನ್ ಎಂಬ ರಸ. ಆಸ್ಕರ್ ರಿಡಲ್ ಎಂಬ ಅಮೆರಿಕದ ವಿಜ್ಞಾನಿ ಮತ್ತು ಆತನ ಸಂಗಡಿಗರು ಈ ರಸವನ್ನು ಚುಚ್ಚಿ ಕೋಳಿಗಳಲ್ಲಿ ಕಾವಿನ ಗುಣ ಹುಟ್ಟಿಸಬಹುದೆಂದು 1935ರಲ್ಲಿ ತೋರಿಸಿಕೊಟ್ಟರು. ಕನ್ನಡದ ‘ಕಾಯು’ ಎಂಬ ಮಾತಿಗೆ ಬಿಸಿಯಾಗು ಎಂಬ ಅರ್ಥವೂ ಉಂಟು, ರಕ್ಷಿಸು ಎಂಬ ಅರ್ಥವೂ ಉಂಟು. ಕಾವಿಗೆ ಕೂತ ಕೋಳಿ ಎರಡನ್ನೂ ಒಟ್ಟಿಗೆ ಮಾಡುತ್ತದೆ.

ಒಮ್ಮೆ ಕೂತ ಕೋಳಿ ಅಡಿಯಲ್ಲಿರುವುದು ಯಾರ ಮೊಟ್ಟೆಯೆಂದು ಪರೀಕ್ಷಿಸುವುದಿಲ್ಲ, ದಿನವನ್ನೂ ಎಣಿಸುವುದಿಲ್ಲ. ಕೋಳಿಮೊಟ್ಟೆಗೆ 21 ದಿನ ಸಾಕು, ಬಾತಿನ ಮೊಟ್ಟೆಗೆ 28 ಬೇಕು. ನಮ್ಮ ಕಛೇರಿಯ ಭಾಷೆಯಲ್ಲಿ ಹೇಳುವುದಾದರೆ, ಪರಸ್ಥಳದ ಕೆಲಸಕ್ಕೆ ಹೋದವಳಿಗೆ ಭತ್ಯೆಯಿಲ್ಲದೆ ಏಳು ದಿನ ಅವಧಿ ವಿಸ್ತರಣೆ! ಅವಳು ತಕರಾರು ಮಾಡುವುದಿಲ್ಲ. ಸಾಕುವವರು ಮಾತ್ರ ಕೆಲವು ವಿಷಯ ನೋಡಿಕೊಳ್ಳಬೇಕು. ಬಾತಿನ ಮೊಟ್ಟೆ ದೊಡ್ಡದಾದ್ದರಿಂದ ಒಂದು ಕೋಳಿಗೆ ಎಂಟು ಹತ್ತಕ್ಕಿಂತ ಹೆಚ್ಚು ಇಡಬಾರದು. ಕೋಳಿ ತನ್ನ ಮೊಟ್ಟೆಗಳನ್ನು ಹೊರಳಿಸುವಷ್ಟು ಸುಲಭವಾಗಿ ಇವನ್ನು ಹೊರಳಿಸಲಾರದು. ಅದು ಮೇವಿಗೆ ಎದ್ದಾಗ ಕೈಯಿಂದ ತಿರುಗಿಸಿಡಬೇಕು. ತಾಯಿಬಾತು ಒದ್ದೆ ಮೈಯಿಂದ ಬಂದು ಕೂರುವಂಥದು. ಕೋಳಿಯ ಮೈ ಒಣಗಿರುವುದರಿಂದ ಮೊಟ್ಟೆಯ ಮೇಲೆ ಆಗಾಗ ಉಗುರುಬೆಚ್ಚಗಿನ ನೀರು ಚಿಮುಕಿಸಬೇಕು. ನೀರು, ಕಾಳು ಗೂಡಿನ ಹತ್ತಿರವೇ ಇರಬೇಕು. ಹುಟ್ಟಿದ ಮರಿಗಳಿಗೆ ತಾಯಿಬಾತಿನ ಪುಕ್ಕದ ಎಣ್ಣೆ ತಗುಲಿರುವುದಿಲ್ಲ. ಮೊದಲ ದಿನಗಳಲ್ಲಿ ಆಳದ ನೀರಿಗೆ ಬಿಟ್ಟರೆ ತುಪ್ಪಳ ನೆನೆದು ಸಾಯುವ ಅಪಾಯವುಂಟು.

ನಮ್ಮ ದೇಶದಲ್ಲಿ ಈ ಪದ್ಧತಿ ಬಲವಾಗಿ ಬೇರೂರಿದ್ದು ನೀರು ಮತ್ತು ಭತ್ತ ಹೆಚ್ಚಿರುವ ಸೀಮೆಗಳಲ್ಲಿ. ಬಂಗಾಳ, ಅಸ್ಸಾಂಗಳ ಹಳ್ಳಿಮನೆಗಳಲ್ಲಿ, ಕೇರಳದ ಕುಟ್ಟನಾಡಿನಲ್ಲಿ ಬಾತಿನ ಮೊಟ್ಟೆಗೆ ಊರ ಕೋಳಿಯ ಕಾವೇ ಗತಿಯಾಗಿತ್ತು. ಚಾರ, ಚೆಂಬಳ್ಳಿ ಎಂಬ ಕುಟ್ಟನಾಡಿನ ತಳಿಗಳು ಎಷ್ಟೋ ತಲೆಮಾರು ಹೀಗೆ ಕೋಳಿಯ ರೆಕ್ಕೆಯಡಿಯಲ್ಲಿ ಕಣ್ಣುಬಿಟ್ಟವು. ಕರ್ನಾಟಕದಲ್ಲಿ ಬಾತು ಸಾಕಣೆ ಅಷ್ಟಾಗಿ ಹಬ್ಬಲಿಲ್ಲ. ಆದರೂ ಕೊಯ್ಲಾದ ಗದ್ದೆಗಳಿಗೆ ನೂರಾರು ಬಾತುಗಳನ್ನು ಹೊಡೆದುಕೊಂಡು ಬರುವ ಆಂಧ್ರ, ತಮಿಳುನಾಡುಗಳ ಅಲೆಮಾರಿ ಸಾಕಣೆಗಾರರನ್ನು ನೀರಾವರಿ ಸೀಮೆಯ ನಮ್ಮವರು ಬಲ್ಲರು.

ಕೋಳಿಯಿಲ್ಲದೆ ಮರಿ ಮಾಡುವ ಪ್ರಯತ್ನವೂ ಹಳೆಯದೇ. ಈಜಿಪ್ಟಿನವರು ಮೊಟ್ಟೆಗಳನ್ನು ಗೊಬ್ಬರದ ಬಿಸಿಯಲ್ಲಿ ಹೂಳಿ ಮರಿ ತೆಗೆಯುತ್ತಾರೆಂದು ಅರಿಸ್ಟಾಟಲ್ ಬರೆದಿದ್ದಾನೆ. ಮುಂದೆ ಅಲ್ಲಿ ಸಾವಿರಾರು ಮೊಟ್ಟೆ ಹಿಡಿಯುವ ಮಣ್ಣಿನ ಒಲೆಮನೆಗಳೇ ಆದವು. ಚೀನೀಯರು ಬಿಸಿ ಮಾಡಿದ ಭತ್ತದ ಹೊಟ್ಟನ್ನು ಬಳಸಿ ಬಾತಿನ ಮರಿ ಮಾಡಿದರು. ಫ್ರಾನ್ಸಿನ ರಿಯೊಮ್ಯೂರ್ ಈ ವಿದ್ಯೆಯನ್ನು ಯೂರೋಪಿಗೆ ಪರಿಚಯಿಸಲು 1749ರಲ್ಲಿ ಗ್ರಂಥವನ್ನೇ ಬರೆದನು. ಇಪ್ಪತ್ತನೆಯ ಶತಮಾನದಲ್ಲಿ ವಿದ್ಯುತ್ ಯಂತ್ರ ಬಂದಿತು. ಕಾವಿನ ಕೋಳಿಯ ನೌಕರಿಗೆ ಸಂಚಕಾರ ಬಂದಿತು.

ಯಂತ್ರ ಬಂದ ಮೇಲೆ ಕಾವು ಕೂರುವುದೇ ಕೋಳಿಯ ದೋಷವೆನಿಸಿತು. ಕೂತ ಕೋಳಿ ಮೊಟ್ಟೆ ಇಡುವುದಿಲ್ಲವಲ್ಲ! ಬಿಳಿ ಲೆಗ್ಹಾರ್ನ್ ತಳಿಯಲ್ಲಿ ಆ ಗುಣವನ್ನು ಆರಿಸಿ ಆರಿಸಿ ತೆಗೆದರು. ಬಾತಿನಲ್ಲೂ ಹಾಗೆಯೇ. ಇಂಗ್ಲೆಂಡಿನ ಗ್ಲೌಸ್ಟರ್‌ಷೈರಿನಲ್ಲಿ ಆಡೀಲ್ ಕ್ಯಾಂಬೆಲ್ ಎಂಬ ಮಹಿಳೆ 1900ರ ಆಸುಪಾಸಿನಲ್ಲಿ ರೂಪಿಸಿದ ಖಾಕಿ ಕ್ಯಾಂಬೆಲ್ ಬಾತು ವರ್ಷಕ್ಕೆ 280, 300 ಮೊಟ್ಟೆ ಇಡಬಲ್ಲದು. ಕಾವು ಮಾತ್ರ ಅದಕ್ಕೆ ಒಗ್ಗದು. ಬೆಂಗಳೂರಿನ ಹತ್ತಿರದ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರ ತೆರೆದ ಬಾತು ತಳಿ ಕೇಂದ್ರದಿಂದ ಈ ಜಾತಿಯ ಮರಿಗಳು ಊರೂರಿಗೆ ಹೋದವು. ಅಲ್ಲಿ ಕಾವು ಕೊಡುವುದು ಯಂತ್ರ.

ನಮ್ಮ ಹೈದರಾಬಾದಿಗೂ ಈ ಇತಿಹಾಸದಲ್ಲಿ ದೊಡ್ಡ ಪಾತ್ರವಿದೆ. ಬಿ. ವಿ. ರಾವ್ ಅವರ ವೆಂಕಟೇಶ್ವರ ಹ್ಯಾಚರೀಸ್ 1971ರಲ್ಲಿ ಹುಟ್ಟಿದ್ದು ಇಲ್ಲಿ. ಮೊಟ್ಟೆಯ ಬೆಲೆಗೆ ಒಂದು ನೆಲೆ ಕಾಣಿಸಲು 1982ರಲ್ಲಿ ಆರಂಭವಾದ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಗೆ ನಾಯಕರಾದವರೂ ಅವರೇ. ನಗರದ ರಾಜೇಂದ್ರನಗರದಲ್ಲಿ 1988ರಲ್ಲಿ ಆರಂಭವಾದ ಕೇಂದ್ರದ ಕೋಳಿ ಸಂಶೋಧನಾ ಸಂಸ್ಥೆ ಹಿತ್ತಿಲ ಸಾಕಣೆಗೆಂದೇ ವನರಾಜ, ಗ್ರಾಮಪ್ರಿಯ ತಳಿಗಳನ್ನು ಕೊಟ್ಟಿತು. ಬೆಂಗಳೂರಿನ ಹೆಬ್ಬಾಳದಿಂದ ಬಂದ ಗಿರಿರಾಜ ಕೋಳಿ ಕನ್ನಡಿಗರ ಮನೆಮಾತು. ಇವೆಲ್ಲ ನಾಟಿ ಕೋಳಿಗಿಂತ ಬೇಗ ತೂಕ ಕಟ್ಟುತ್ತವೆ ಅಥವಾ ಹೆಚ್ಚು ಮೊಟ್ಟೆ ಇಡುತ್ತವೆ. ಬಡಕುಟುಂಬಗಳಿಗೆ ಇವುಗಳಿಂದಾದ ಉಪಕಾರ ಸಣ್ಣದಲ್ಲ.

ಆದರೆ ಒಂದು ತೊಡಕು ಉಳಿಯಿತು. ಈ ಕೋಳಿಗಳೂ ಕಾವಿಗೆ ಕೂರುವುದಿಲ್ಲ. ಹಳ್ಳಿಯ ಹೆಂಗಸು ಮರಿ ಬೇಕಾದಾಗಲೆಲ್ಲ ಕೇಂದ್ರಕ್ಕೆ ಹೋಗಿ ಹಣ ಕೊಟ್ಟು ತರಬೇಕು. ಇಲ್ಲವೇ ಮನೆಯಲ್ಲಿ ಒಂದು ನಾಟಿ ಹೇಂಟೆ ಇರಬೇಕು. ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆಯಷ್ಟೇ ಇಡುವ ಆ ಹೇಂಟೆ ಲೆಕ್ಕದ ಪುಸ್ತಕದಲ್ಲಿ ನಷ್ಟದ ಬಾಬು. ಆದರೂ ಬಾತಿನದಿರಲಿ, ಗಿರಿರಾಜನದಿರಲಿ, ಕರೆಂಟಿಲ್ಲದ ಮನೆಯಲ್ಲಿ ಕಾಸು ಖರ್ಚಿಲ್ಲದೆ ಮರಿ ಮಾಡಿಕೊಡುವವಳು ಅವಳೊಬ್ಬಳೇ. ಕಾದಾಟಕ್ಕೆ ಹೆಸರಾದ ತೆಲುಗು ಸೀಮೆಯ ಅಸೀಲ್ ಜಾತಿಯ ಹೇಂಟೆಯೂ ಕಾವಿಗೆ ಎತ್ತಿದ ಕೈ. ಹೆಚ್ಚು ಮೊಟ್ಟೆಯ ಆಸೆಯಲ್ಲಿ ಇಂಥ ಕೋಳಿಗಳ ಬೀಜವೇ ಹೋದರೆ, ಹಿತ್ತಿಲಿನ ಸ್ವಾತಂತ್ರ್ಯವೂ ಅದರೊಡನೆ ಹೋಗುತ್ತದೆ.

ಇನ್ನು ಮರಿಗಳ ವಿಷಯ. ಆಸ್ಟ್ರಿಯದ ಕಾನ್ರಾಡ್ ಲೊರೆನ್ಜ್ 1935ರಲ್ಲಿ ವಿವರಿಸಿದಂತೆ, ಬಾತು, ಹೆಬ್ಬಾತುಗಳ ಮರಿ ಹುಟ್ಟಿದ ಹೊಸತರಲ್ಲಿ ಎದುರಿಗೆ ಚಲಿಸುವ ಜೀವಿಯನ್ನು ತಾಯಿಯೆಂದು ಹಿಂಬಾಲಿಸುತ್ತದೆ. ಅವರಿಗೆ 1973ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಬಂದಿತು. ಬಾತಿನ ಮರಿ ಕೋಳಿಯ ಬೆನ್ನು ಹತ್ತುವುದರ ಗುಟ್ಟು ಇದೇ. ಆದರೆ ಅಮೆರಿಕದ ಗಿಲ್ಬರ್ಟ್ ಗಾಟ್ಲೀಬ್ ನಡೆಸಿದ ಪ್ರಯೋಗಗಳು ಇನ್ನೂ ಸ್ವಾರಸ್ಯಕರ. ಯಂತ್ರದಲ್ಲಿ ಹುಟ್ಟಿ ತಾಯಿಯ ದನಿಯನ್ನೇ ಕೇಳದ ಬಾತಿನ ಮರಿಗಳಿಗೆ ಒಂದು ಕಡೆಯಿಂದ ತಾಯಿಬಾತಿನ ಕೂಗನ್ನೂ, ಇನ್ನೊಂದು ಕಡೆಯಿಂದ ತಾಯಿಕೋಳಿಯ ಕೂಗನ್ನೂ ಕೇಳಿಸಿದರೆ, ಅವು ಬಾತಿನ ಕೂಗಿನ ಕಡೆಗೇ ಹೋಗುತ್ತಿದ್ದವು. ಹುಟ್ಟುಗುಣವೆಂದು ಸುಮ್ಮನಾಗದೆ ಗಾಟ್ಲೀಬ್ ಮೊಟ್ಟೆಯೊಳಗೇ ಇಣುಕಿದರು. ಹೊರಬರುವ ಕೆಲವು ದಿನ ಮೊದಲೇ ಮರಿ ಮೊಟ್ಟೆಯೊಳಗೆ ಚಿಂವ್ ಎನ್ನತೊಡಗುತ್ತದೆ. ತನ್ನ ದನಿಯನ್ನೂ, ಪಕ್ಕದ ಮೊಟ್ಟೆಗಳ ಒಡಹುಟ್ಟಿದವರ ದನಿಯನ್ನೂ ಕೇಳುತ್ತದೆ. ಆ ಹಂತದಲ್ಲೇ ದನಿ ಅಡಗಿಸಿ ಒಂಟಿಯಾಗಿ ಇಟ್ಟ ಮರಿಗಳಿಗೆ ಆಮೇಲೆ ಬಾತಿನ ಕೂಗು ಯಾವುದು, ಕೋಳಿಯ ಕೂಗು ಯಾವುದು ಎಂಬ ಭೇದವೇ ತಿಳಿಯಲಿಲ್ಲ.

ಹಕ್ಕಿಯ ಪ್ರಯೋಗವನ್ನು ಮನುಷ್ಯರಿಗೆ ಹಾಗೆಹಾಗೇ ಅನ್ವಯಿಸಲಾಗದು ಎಂಬುದನ್ನು ಬಲ್ಲೆ. ಆದರೂ ಊರು ಬಿಟ್ಟು ಬಂದ ನಮ್ಮಂಥವರು ಇದನ್ನು ಓದಿ ಸುಮ್ಮನಿರುವುದು ಕಷ್ಟ. ಬೀದರ್, ಕಲಬುರಗಿ, ರಾಯಚೂರುಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆ ಕಡೆಯಿಂದಲೂ ಬೇರೆ ಕಡೆಗಳಿಂದಲೂ ಬಂದ ಕನ್ನಡದ ಸಂಸಾರಗಳಿಗೆ ಈ ನಗರ ಕಾವು ಕೊಟ್ಟಿದೆ. ಯಾರ ಮೊಟ್ಟೆಯೆಂದು ಕೇಳಲಿಲ್ಲ. ಆ ಋಣ ಮರೆಯುವಂಥದಲ್ಲ. ಮಕ್ಕಳು ತೆಲುಗು, ಉರ್ದು, ಇಂಗ್ಲಿಷುಗಳನ್ನು ಕಲಿತು ತಮ್ಮ ನೀರಿಗೆ ತಾವು ಇಳಿಯುತ್ತಾರೆ. ಪ್ಲಿನಿಯ ಕೋಳಿಯಂತೆ ದಡದಲ್ಲಿ ನಿಂತು ಅಳುವುದರಿಂದ ಪ್ರಯೋಜನವಿಲ್ಲ. ನಾವು ಮಾಡಬಹುದಾದ ಕೆಲಸ ಅದಕ್ಕೂ ಮೊದಲಿನದು. ಮಗು ತೊಟ್ಟಿಲಲ್ಲಿರುವಾಗಲೇ ಮನೆಯಲ್ಲಿ ಕನ್ನಡ ಕಿವಿಗೆ ಬೀಳುತ್ತಿರಬೇಕು. ಜೊತೆಗೆ ನೆರೆಯ ಕನ್ನಡದ ಮಕ್ಕಳ ದನಿಯೂ ಕೇಳಬೇಕು. ಒಂಟಿ ಮೊಟ್ಟೆಗೆ ಅದು ಸಾಧ್ಯವಿಲ್ಲ. ನಮ್ಮ ಸಂಘಗಳಲ್ಲಿ ತಿಂಗಳಿಗೊಮ್ಮೆ ಮಕ್ಕಳನ್ನು ಕೂಡಿಸುವ ಕಾರ್ಯಕ್ರಮಗಳಿಗೆ, ಜನ ಎಷ್ಟೇ ಕಡಿಮೆ ಬಂದರೂ, ಇಷ್ಟು ಅರ್ಥವಿದೆ.

ಈ ಬಾರಿ ರಜೆಗೆ ಊರಿಗೆ ಹೋದಾಗ ಯಾರದಾದರೂ ಹಿತ್ತಿಲಲ್ಲಿ ಕಾವಿಗೆ ಕೂತ ಕೋಳಿಯಿದೆಯೇ ವಿಚಾರಿಸಿ, ಮಕ್ಕಳಿಗೆ ತೋರಿಸಿರಿ. ಬುಟ್ಟಿಯ ಹತ್ತಿರ ಕೈ ಒಡ್ಡದಂತೆ ಮಾತ್ರ ಮೊದಲೇ ಹೇಳಿಟ್ಟಿರಬೇಕು.