ಮ್ಯೂರ್ ಸಹೋದರರ ವಿದ್ಯಾವ್ಯಾಸಂಗ

ಪರಮತವನ್ನು ಖಂಡಿಸಹೊರಟವನು ಮೊದಲು ಅದರ ಗ್ರಂಥಗಳನ್ನು ಮೂಲದಲ್ಲಿಯೇ ಓದಿ ಅರಿಯಬೇಕೆಂಬುದು ಭಾರತೀಯ ವಾದಪರಂಪರೆಯ ಕಟ್ಟಳೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನಿಂದ ನಮ್ಮ ದೇಶಕ್ಕೆ ಬಂದ ಇಬ್ಬರು ಸಹೋದರರು ಈ ಕಟ್ಟಳೆಯನ್ನು ಆಚರಿಸಿದ ಪರಿಯು ಸ್ಮರಣೀಯವಾಗಿದೆ. ಅಗ್ರಜ ಜಾನ್ ಮ್ಯೂರ್ (1810–1882). ಅನುಜ ವಿಲಿಯಂ ಮ್ಯೂರ್ (1819–1905). ಇಬ್ಬರೂ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಸೇವೆಯಲ್ಲಿದ್ದವರು, ದೃಢವಾದ ಕ್ರೈಸ್ತಶ್ರದ್ಧೆಯುಳ್ಳವರು. ಅಣ್ಣನು ಸಂಸ್ಕೃತವನ್ನೂ ತಮ್ಮನು ಅರಬ್ಬಿಯನ್ನೂ ಶ್ರಮವಹಿಸಿ ಕಲಿತರು.

ಜಾನ್ ಮ್ಯೂರರು 1839ರಲ್ಲಿ ‘ಮತಪರೀಕ್ಷಾ’ ಎಂಬ ಗ್ರಂಥವನ್ನು ಗುರುಶಿಷ್ಯ ಸಂವಾದರೂಪವಾಗಿ ಸಂಸ್ಕೃತ ಶ್ಲೋಕಗಳಲ್ಲಿಯೇ ರಚಿಸಿದರು. ಕ್ರೈಸ್ತಮತವೇ ಶ್ರೇಷ್ಠವೆಂದು ಸ್ಥಾಪಿಸುವುದು ಅದರ ಉದ್ದೇಶ. ನಮ್ಮ ಪಂಡಿತರು ಸುಮ್ಮನಿರಲಿಲ್ಲ. ಸೋಮನಾಥ ಎಂಬ ಹೆಸರಿನಿಂದ ಬರೆದ ಸುಬಾಜಿ ಬಾಪು ಅದೇ ವರ್ಷ, ಹರಚಂದ್ರ ತರ್ಕಪಂಚಾನನರು 1840ರಲ್ಲಿ, ಕಾಶಿಯ ನೀಲಕಂಠ ಗೋರೆಯವರು ಅನಂತರ ‘ಶಾಸ್ತ್ರತತ್ತ್ವವಿನಿರ್ಣಯ’ದಲ್ಲಿ, ಸಂಸ್ಕೃತದಲ್ಲಿಯೇ ಉತ್ತರವಿತ್ತರು. ಹೀಗೆ ಉತ್ತರವಿತ್ತ ನೀಲಕಂಠರೇ 1848ರಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದರೆಂಬುದು ಇತಿಹಾಸದ ಒಂದು ಸೋಜಿಗ.

ಆದರೆ ಮತಪರೀಕ್ಷೆಗೆ ತೊಡಗಿದವರ ಮತಿಯೂ ಹಾಗೆಯೇ ಉಳಿಯಲಿಲ್ಲ. 1844ರಲ್ಲಿ ಕಾಶಿಯ ಸಂಸ್ಕೃತ ಕಾಲೇಜಿನ ಹೊಣೆ ಹೊತ್ತಿದ್ದ ಜಾನ್ ಮ್ಯೂರರು, ನಿವೃತ್ತರಾದ ಮೇಲೆ ವೇದಪುರಾಣಗಳ ಮೂಲವಚನಗಳನ್ನು ಅನುವಾದಸಹಿತವಾಗಿ 1858ರಿಂದ ಮೊದಲ್ಗೊಂಡು ಐದು ಸಂಪುಟಗಳಲ್ಲಿ ಹೊರತಂದರು. 1862ರಲ್ಲಿ ಸ್ವಂತ ದ್ರವ್ಯವನ್ನು ದತ್ತಿಯಾಗಿತ್ತು, ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತ ಪೀಠವನ್ನು ಸ್ಥಾಪಿಸಿದರು. 1879ರಲ್ಲಿ ಸಂಸ್ಕೃತ ನೀತಿವಚನಗಳನ್ನು ಇಂಗ್ಲಿಷ್ ಪದ್ಯಗಳಾಗಿ ಪ್ರಕಟಿಸಿ, ಬೈಬಲ್ಲಿನ ಹಾಗೂ ಗ್ರೀಕರ ಸಮಾನವಚನಗಳನ್ನು ಅವುಗಳೊಡನೆ ತೋರಿಸಿದರು. ಒಮ್ಮೆ ಖಂಡಿಸಲೆಂದು ಹಿಡಿದ ಭಾಷೆಯೇ ಕಡೆಗೆ ಅವರ ಆದರಕ್ಕೆ ಪಾತ್ರವಾಯಿತು.

ತಮ್ಮನ ಮಾರ್ಗ ಬೇರೆ. ವಿಲಿಯಂ ಮ್ಯೂರರು ಪ್ರಾಚೀನ ಅರಬ್ಬೀ ಆಧಾರಗಳಿಂದ ಪೈಗಂಬರ್ ಮಹಮ್ಮದರ ಚರಿತ್ರೆಯನ್ನು 1858ರಿಂದ 1861ರವರೆಗೆ ನಾಲ್ಕು ಸಂಪುಟಗಳಲ್ಲಿ ಬರೆದರು. ಅದರಲ್ಲಿನ ಆಕ್ಷೇಪಗಳಿಂದ ನೊಂದ ಸರ್ ಸೈಯದ್ ಅಹಮದ್ ಖಾನರು 1869ರಲ್ಲಿ ಲಂಡನ್ನಿಗೆ ತೆರಳಿ, ಅಲ್ಲಿನ ಗ್ರಂಥಭಂಡಾರಗಳಲ್ಲಿ ಶೋಧಿಸಿ, 1870ರಲ್ಲಿ ಪ್ರತ್ಯುತ್ತರವನ್ನು ಅಚ್ಚು ಹಾಕಿಸಿದರು. ಆಗ ವಿಲಿಯಂ ವಾಯವ್ಯ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ (1868–1874). ಅವರು ತಮ್ಮ ತೀರ್ಮಾನಗಳನ್ನು ಬಿಟ್ಟುಕೊಡಲಿಲ್ಲ. ಆದರೂ ಅಲಹಾಬಾದಿನ ಮ್ಯೂರ್ ಸೆಂಟ್ರಲ್ ಕಾಲೇಜು ಅವರ ಹೆಸರನ್ನು ತಳೆಯಿತು. 1885ರಿಂದ 1903ರವರೆಗೆ ಅವರು ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರಾಂಶುಪಾಲರಾಗಿದ್ದರು.

ಅದೇ ವಿಶ್ವವಿದ್ಯಾಲಯದಲ್ಲಿ ಅಣ್ಣನ ಸಂಸ್ಕೃತ ಪೀಠವಿತ್ತು! ಒಂದೇ ಮನೆಯ ಇಬ್ಬರು ವಿದ್ವಾಂಸರು ಒಂದೇ ಶ್ರದ್ಧೆಯಿಂದ ಹೊರಟು, ಭಿನ್ನ ಮನೋಭಾವಗಳನ್ನು ತಾಳಿದರು. ಆದರೂ ಇಬ್ಬರ ಆಕ್ಷೇಪಗಳಿಂದಲೂ ಈ ದೇಶದ ವಿದ್ವಾಂಸರು ತಮ್ಮ ಗ್ರಂಥಗಳನ್ನು ಮತ್ತೆ ಬಿಚ್ಚಿ ನೋಡಿದರು. ಎದುರಾಳಿಯ ಗ್ರಂಥವನ್ನು ಅವನ ಭಾಷೆಯಲ್ಲಿಯೇ ಓದಿ ಆಡಿದ ಮಾತಿಗೆ, ಓದಿಯೇ ಉತ್ತರಿಸಬೇಕಾಗುತ್ತದೆ. ಈ ಸಹೋದರರ ಚರಿತ್ರೆಯಿಂದ ನಾವು ಗ್ರಹಿಸಬೇಕಾದುದು ಇದನ್ನೇ.