ಫರ್ಮ್‌ವೇರ್ ಮತ್ತು ಕರ್ನಲ್: ಒಂದು ಒಡಂಬಡಿಕೆಯ ಇತಿಹಾಸ

ಗಣಕಯಂತ್ರಕ್ಕೆ ವಿದ್ಯುತ್ತು ಹರಿದೊಡನೆ ಮೊದಲು ಎಚ್ಚರಗೊಳ್ಳುವುದು ಫರ್ಮ್‌ವೇರ್. ಅದು ಕರ್ನಲನ್ನು ಸ್ಮೃತಿಕೋಶಕ್ಕೆ ತಂದು ಯಂತ್ರವನ್ನು ಅದರ ವಶಕ್ಕೆ ಒಪ್ಪಿಸುತ್ತದೆ. ಯಾವ ಉಪಕರಣವು ಯಾವ ವಿಳಾಸದಲ್ಲಿದೆಯೆಂಬುದನ್ನು ಕರ್ನಲ್ ಅರಿಯುವುದು ಹೇಗೆ? ಈ ಪ್ರಶ್ನೆಗೆ ದೊರೆತ ಉತ್ತರಗಳನ್ನು ನಾವು ಇಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಹುಟ್ಟಿದ ಓಪನ್ ಫರ್ಮ್‌ವೇರ್ 1994ರಲ್ಲಿ ಐಇಇಇ 1275 ಎಂಬ ಪ್ರಮಾಣವಾಯಿತು. ಉಪಕರಣಗಳನ್ನು ವೃಕ್ಷರೂಪದಲ್ಲಿ ವರ್ಣಿಸುವ ಕ್ರಮವು ಅದರಲ್ಲಿದ್ದಿತು. ಲಿನಕ್ಸಿನ ಪವರ್‌ಪಿಸಿ ಶಾಖೆಯವರು 2005ರ ಸುಮಾರಿಗೆ ಆ ವೃಕ್ಷವನ್ನು ಒಂದೇ ದತ್ತಾಂಶಖಂಡವಾಗಿ ಅಡಕಗೊಳಿಸಿ, ಓಪನ್ ಫರ್ಮ್‌ವೇರ್ ಇಲ್ಲದ ಯಂತ್ರಗಳಿಗೂ ಒದಗಿಸಿದರು. ಇದೇ ಇಂದಿನ ಡಿವೈಸ್ ಟ್ರೀ.

ಆರ್ಮ್ ಶಾಖೆಯಲ್ಲಿ ಸ್ಥಿತಿ ಬೇರೆಯಾಗಿದ್ದಿತು. ಅಲ್ಲಿ ಒಂದೊಂದು ಬೋರ್ಡಿನ ವರ್ಣನೆಯೂ ಕರ್ನಲಿನ ಒಡಲಿನಲ್ಲಿಯೇ ಸಿ ಭಾಷೆಯ ಕಡತವಾಗಿ ಸೇರುತ್ತ ಹೋಯಿತು. 2011ರ ಮಾರ್ಚಿಯಲ್ಲಿ ಲೀನಸ್ ಟೊರ್ವಾಲ್ಡ್ಸ್ ಇದನ್ನು ಕಟುವಾಗಿ ಆಕ್ಷೇಪಿಸಿದರು. ತರುವಾಯ ಆ ಶಾಖೆಯೂ ಕ್ರಮೇಣ ಡಿವೈಸ್ ಟ್ರೀಯನ್ನು ಅವಲಂಬಿಸಿತು.

ಆದರೆ ವರ್ಣನೆಯು ಕರ್ನಲಿನಿಂದ ಬೇರ್ಪಟ್ಟೊಡನೆ ಹೊಸದೊಂದು ತೊಡಕು ಹುಟ್ಟಿತು. ತಯಾರಕರು ಫರ್ಮ್‌ವೇರಿನೊಡನೆ ಇರಿಸಿದ ವರ್ಣನೆ ಹಳೆಯದಾಗಿಯೇ ಉಳಿಯಬಹುದು. ಕರ್ನಲಾದರೋ ಮೇಲಿಂದ ಮೇಲೆ ಬದಲಾಗುತ್ತದೆ. ಅದರಲ್ಲಿ ಒಂದು ಲಕ್ಷಣದ ಹೆಸರು ಬದಲಾದರೂ ಸಾಕು, ಯಂತ್ರವು ತನ್ನ ಡಿಸ್ಕನ್ನು ಗುರುತಿಸಲಾರದೆ ನಿಂತುಬಿಡಬಹುದು. ವರ್ಣನೆಯನ್ನು ಕರ್ನಲಿನೊಡನೆಯೇ ಹಂಚಿದರೆ ಈ ತೊಡಕು ತಪ್ಪುವುದೇನೋ ನಿಜ. ಆದರೆ ಆಗ ವರ್ಣನೆಯು ಒಂದೇ ಕರ್ನಲಿಗೆ ಕಟ್ಟುಬಿದ್ದು, ಫ್ರೀಬಿಎಸ್‌ಡಿಯಂಥ ಅನ್ಯ ವ್ಯವಸ್ಥೆಗಳಿಗೆ ನೆಚ್ಚಿಕೆಯದಾಗಿ ಉಳಿಯದು.

2013ರಲ್ಲಿ ಈ ವಿಷಯವಾಗಿ ಕರ್ನಲ್ ಅಭಿವರ್ಧಕರಲ್ಲಿ ದೀರ್ಘ ಚರ್ಚೆ ನಡೆಯಿತು. ಅದರಿಂದ ದೃಢಪಟ್ಟ ತತ್ತ್ವವಿಷ್ಟು: ಸ್ಥಿರವೆಂದು ಅಂಗೀಕೃತವಾದ ವರ್ಣನಾಕ್ರಮವನ್ನು ಮುರಿಯಲಾಗದು, ಹಳೆಯ ವರ್ಣನೆಯೊಡನೆ ಹೊಸ ಕರ್ನಲ್ ನಡೆಯಲೇಬೇಕು. ಹೊಸ ಲಕ್ಷಣವನ್ನು ಸೇರಿಸಬಹುದು, ಆದರೆ ಅದು ಇಲ್ಲದಿದ್ದರೂ ಕೆಲಸ ಸಾಗಬೇಕು. ‘ಕಂಪ್ಯಾಟಿಬಲ್’ ಎಂಬ ಲಕ್ಷಣದಲ್ಲಿ ಉಪಕರಣದ ವಿಶಿಷ್ಟ ನಾಮವು ಮೊದಲಿಗೂ ಸಾಮಾನ್ಯ ನಾಮವು ಕೊನೆಗೂ ಬರುವುದರ ಪ್ರಯೋಜನವೂ ಇದೇ: ಮೊದಲನೆಯದನ್ನು ಅರಿಯದ ಕರ್ನಲ್ ಎರಡನೆಯದರಿಂದ ನಿರ್ವಹಿಸಿಕೊಳ್ಳುತ್ತದೆ. ಹೊಸ ವರ್ಣನೆಯೊಡನೆ ಹಳೆಯ ಕರ್ನಲ್ ನಡೆದೀತೆಂಬುದಕ್ಕೆ ಮಾತ್ರ ಅಷ್ಟು ದೃಢವಾದ ಭರವಸೆಯಿಲ್ಲ. 2016ರಲ್ಲಿ ಡಿವೈಸ್ ಟ್ರೀಯ ಸ್ವತಂತ್ರ ನಿರ್ದೇಶಗ್ರಂಥವೂ ಪ್ರಕಟವಾಯಿತು.

ಆದರೂ ಲಿನಕ್ಸ್ ಬಳಸುವ ವರ್ಣನೆಗಳ ಮೂಲವು ಇಂದಿಗೂ ಬಹುಮಟ್ಟಿಗೆ ಕರ್ನಲಿನ ಕಡತಗಳ ನಡುವೆಯೇ ಇದೆ. ಎರಡನ್ನೂ ಒಮ್ಮೆಗೇ ತಿದ್ದುವ ಸೌಲಭ್ಯವಿರುವಲ್ಲಿ ಕೊಟ್ಟ ಮಾತನ್ನು ಮರೆಯುವುದು ಸುಲಭ. ಮರೆತುದರ ಫಲವನ್ನು ಉಣ್ಣುವವರು ತಿದ್ದಿದವರಲ್ಲ, ಹಳೆಯ ಯಂತ್ರವನ್ನು ನೆಚ್ಚಿಕೊಂಡವರು. ಆದಕಾರಣ ಈ ಒಡಂಬಡಿಕೆಯ ಬಲವು ಬರೆಹಕ್ಕಿಂತ ಅದರ ಪಾಲನೆಯಲ್ಲಿಯೇ ಇದೆಯೆಂದು ನಾವು ಭಾವಿಸುತ್ತೇವೆ.